ಎರಡು ಸಾವಿರದ ನಾನೂರು ಎಳೆ

ನಮ್ಮಕ್ಕನನ್ನು ಬೀದಿಯವರು ಬೂದಿಬೆರಳು ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಅವಳು ಮನೆಗೆ ಬರದಿದ್ದರೆ ಅವರ ಮಗ್ಗ ಬಾಯಿ ಬಿಡುತ್ತಿರಲಿಲ್ಲವಲ್ಲ. ಅವಳು ಹೋಗಿ ಈಗ ಮೂರು ತಿಂಗಳಾಯಿತು. ಬಂದು ಮಾತಾಡಿಸಿ ಹೋದವರದೆಲ್ಲ ಒಂದೇ ರಾಗ: "ಪಾಪ, ಏನೂ ಕಾಣದೆ ಹೋಯ್ತು ಜೀವ." ಕೇಳಿ ಕೇಳಿ ನನಗೆ ಮೈ ಉರಿದುಹೋಗಿದೆ. ಅವಳು ಏನು ಕಂಡಳು, ಏನು ಕಳೆದುಕೊಂಡಳು ಎನ್ನುವುದು ಇವರಿಗೇನು ಗೊತ್ತು? ಗೊತ್ತಿರುವವಳು ನಾನೊಬ್ಬಳೇ. ಕಳೆದುಕೊಂಡದ್ದರಲ್ಲಿ ನನ್ನ ಕೈಯೂ ಇತ್ತು.

ಮೊದಲು ಅವಳ ಕೆಲಸ ಏನೆಂದು ಹೇಳಬೇಕು. ಈಗಿನವರಿಗೆ ಬಟ್ಟೆ ಅಂಗಡಿಯಲ್ಲಿ ಬೆಳೆಯುತ್ತದೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿಯ ಜೊತೆ ಅಡ್ಡಕ್ಕೆ ಓಡುವುದು ಹೊಕ್ಕು. ಒಂದು ಹಾಸು ನೇಯ್ದು ಮುಗಿದಾಗ ಬಟ್ಟೆಯನ್ನು ಕತ್ತರಿಸಿಕೊಳ್ಳುತ್ತಾರೆ, ಆದರೆ ಕೊನೆಯ ಗೇಣುದ್ದದ ತುದಿಗಳನ್ನು ಅಚ್ಚಿನಿಂದ ಎಳೆದು ಬಿಸಾಡುವುದಿಲ್ಲ. ಅಚ್ಚು ಎಂದರೆ ಮಗ್ಗದ ಅಗಲಕ್ಕೂ ಇರುವ ಬಾಚಣಿಗೆ. ಅದರ ಹಲ್ಲುಗಳ ನಡುವೆ ಎಳೆಗಳನ್ನು ಮತ್ತೆ ಮೊದಲಿನಿಂದ ತೂರಿಸುತ್ತ ಕೂತರೆ ವಾರ ಹಿಡಿಯುತ್ತದೆ. ಅದಕ್ಕೆ ಹಳೆಯ ತುದಿಗಳನ್ನು ಅಲ್ಲೇ ಬಿಟ್ಟು, ಹೊಸ ಹಾಸಿನ ಎಳೆಗಳನ್ನು ಒಂದಕ್ಕೊಂದರಂತೆ ಅವುಗಳಿಗೆ ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಗಂಟು ಹಾಕುವ ಹಾಗಿಲ್ಲ, ಗಂಟು ಅಚ್ಚಿನಲ್ಲಿ ಸಿಕ್ಕಿಕೊಂಡು ಎಳೆ ಹರಿಯುತ್ತದೆ. ಬೆರಳಿಗೆ ಚೂರು ಬೂದಿ ಮುಟ್ಟಿಸಿ, ಎರಡು ತುದಿಗಳನ್ನು ತಿರುವಿ, ಮಡಚಿ, ಒಮ್ಮೆ ಉಜ್ಜಬೇಕು. ಹೇಳಿದಷ್ಟು ಸುಲಭವಲ್ಲ. ನಾನು ಕಲಿಯಲು ಹೋಗಿ, ಎಂಟು ದಿನ ಎಳೆ ಹರಿದು, ಅಕ್ಕನಿಂದ ಬೈಸಿಕೊಂಡು ಬಿಟ್ಟವಳು.

ಒಂದು ಮಗ್ಗಕ್ಕೆ ಎರಡು ಸಾವಿರದ ನಾನೂರು ಎಳೆ. ಅಕ್ಕನಿಗೆ ಎರಡು ದಿನದ ಕೆಲಸ. ಅವಳು ಕೆಚ್ಚಿದ ಎಳೆ ಹರಿಯಿತು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಸುತ್ತಲ ನಾಲ್ಕು ಬೀದಿಗಳ ಮಗ್ಗಗಳೆಲ್ಲ ಅವಳವೇ.

ಅವಳಿಗೆ ಹತ್ತೊಂಬತ್ತಕ್ಕೇ ಮದುವೆಯಾಗಿತ್ತು. ಗಂಡ ಹನ್ನೊಂದು ತಿಂಗಳು ಮನೆಯಲ್ಲಿದ್ದ. ಹಡಗಿನಲ್ಲಿ ಕೆಲಸ ಸಿಕ್ಕಿತು ಎಂದು ಹೊರಟ, ಯಾವುದೋ ಬಂದರಿನಿಂದ ಒಂದು ಕಾಗದ ಬರೆದ, ಅಷ್ಟೇ. ಆಮೇಲೆ ದೊಡ್ಡ ಯುದ್ಧ ಶುರುವಾಯಿತು, ಮುಗಿಯಿತು. ಅವನು ಬದುಕಿದ್ದಾನೆ ಎಂದು ಹೇಳುವವರೂ ಇಲ್ಲ, ಸತ್ತ ಎಂದು ಬರೆದುಕೊಡುವವರೂ ಇಲ್ಲ. ಅಕ್ಕ ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ ಎಂಬಂತೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಉಳಿದಳು. ಮನೆಯಲ್ಲಿ ನಾನು, ನನ್ನ ಗಂಡ, ಅವಳು. ನನ್ನ ಗಂಡ ಒಳ್ಳೆಯವನೇ. ಊಟದ ಹೊತ್ತಿಗೆ ಬಾಯಿ ತೆರೆಯುತ್ತಿದ್ದ, ಉಳಿದಂತೆ ಮುಚ್ಚಿರುತ್ತಿದ್ದ.

ನಾನು ಸಾಹುಕಾರರ ಮಳಿಗೆಯಲ್ಲಿ ಬಟ್ಟೆ ಪರೀಕ್ಷೆ ಮಾಡುವವಳು. ನೇಕಾರರಿಗೆ ಹಾಸು, ಹೊಕ್ಕಿನ ನೂಲು ಎರಡೂ ಸಾಹುಕಾರರೇ ತೂಗಿ ಕೊಡುತ್ತಿದ್ದರು. ಒಂದು ಹಾಸಿನಿಂದ ಬರುವ ಇಡೀ ಬಟ್ಟೆ ಒಂದು ಥಾನು, ಅದು ಮಳಿಗೆಗೆ ಬಂದರೆ ನನ್ನ ಮೇಜಿಗೆ. ಹಿತ್ತಾಳೆ ಚೌಕಟ್ಟಿನ ಒಂದು ಭೂತಗನ್ನಡಿ ಇತ್ತು, ಕೆಳಗೆ ಸರಿಯಾಗಿ ಒಂದು ಅಂಗುಲದ ಕಿಂಡಿ. ಅದನ್ನು ಬಟ್ಟೆಯ ಮೇಲಿಟ್ಟು, ಸೂಜಿಮೊನೆಯಿಂದ ಹೊಕ್ಕಿನ ಎಳೆ ಎಣಿಸಬೇಕು. ಅರವತ್ತು ಇರಬೇಕು. ಐವತ್ತೆಂಟಕ್ಕೆ ನಾನು ಮುಖ ಗಂಟಿಕ್ಕುತ್ತಿದ್ದೆ, ಐವತ್ತೈದಕ್ಕೆ ಸಾಹುಕಾರರನ್ನು ಕೂಗುತ್ತಿದ್ದೆ. ಹೊಕ್ಕು ಕಡಿಮೆ ಎಂದರೆ ಬಟ್ಟೆ ಜಾಳು. ಜಾಳಾಗಿ ನೇಯ್ದು, ಮಿಕ್ಕ ನೂಲನ್ನು ಹೊರಗೆ ಮಾರಿಕೊಳ್ಳುವ ಕಸುಬು ಹೊಸದೇನಲ್ಲ. ಹಾಗೆ ಸಿಕ್ಕಿಬಿದ್ದವರನ್ನು ನಾನು ಬೇಕಾದಷ್ಟು ಕಂಡಿದ್ದೆ. ನೇಕಾರರು ನನ್ನನ್ನು ಹದ್ದು ಎನ್ನುತ್ತಿದ್ದರು. ಅದೂ ಬೆನ್ನ ಹಿಂದೆಯೇ.

ಸೇತುವೆಯ ಪಕ್ಕದ ಮನೆಯಲ್ಲಿ ಒಬ್ಬ ನೇಕಾರನಿದ್ದ. ಬಾಗಿಲಿಗೆ ತಲೆ ತಾಗುವಷ್ಟು ಉದ್ದ, ಮಗ್ಗದ ಗುಂಡಿಯಲ್ಲಿ ಕೂತರೆ ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. ಬೀದಿಯವರು ಕೊಕ್ಕರೆ ಎಂದು ಹೆಸರಿಟ್ಟಿದ್ದರು. ಮೂವತ್ತು ದಾಟಿದರೂ ಮದುವೆಯಿಲ್ಲ. ಮನೆಯಲ್ಲಿ ಕಿವಿ ಕೇಳದ ತಾಯಿ, ಕಿಟಕಿ ಪಕ್ಕ ಒಂದು ಮಂಚ, ಒಂದು ಮಗ್ಗ. ಅವನ ಬಟ್ಟೆಯಲ್ಲಿ ಅಂಗುಲಕ್ಕೆ ಅರವತ್ತೆರಡು ಹೊಕ್ಕು ಬರುತ್ತಿತ್ತು. ಕೇಳಿದ್ದಕ್ಕಿಂತ ಎರಡು ಜಾಸ್ತಿ ಕೊಡುವ ಪೆದ್ದ ಎಂದು ಮಳಿಗೆಯಲ್ಲಿ ನಗುತ್ತಿದ್ದೆವು.

ಒಂದು ದಿನ ಅಕ್ಕ ಬುತ್ತಿ ಮರೆತು ಅವನ ಮನೆಗೆ ಕೆಚ್ಚಲು ಹೋಗಿದ್ದಳು. ಮಧ್ಯಾಹ್ನ ನಾನೇ ತೆಗೆದುಕೊಂಡು ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ.

ಕೆಚ್ಚುವವರಿಗೆ ಹಳೆಯ ಎಳೆಯನ್ನು ಒಂದೊಂದಾಗಿ ಬಿಡಿಸಿ ಕೈಗೆ ಕೊಡಲು ಒಬ್ಬರು ಬೇಕು. ಸಾಮಾನ್ಯವಾಗಿ ಮನೆಯ ಹೆಂಗಸರು ಕೂರುತ್ತಾರೆ. ಮಗ್ಗ ನಿಂತ ಆ ಎರಡು ದಿನ ನೇಕಾರನಿಗೆ ರಜ. ಹೊರಗೆ ತಿರುಗುತ್ತಾನೆ, ಇಲ್ಲ ಬಿದ್ದುಕೊಳ್ಳುತ್ತಾನೆ. ಇವನು ಮಾತ್ರ ಅಕ್ಕನ ಎದುರಿಗೆ ಮೊಣಕಾಲು ಮಡಚಿ ಕೂತು ಎಳೆ ಕೊಡುತ್ತಿದ್ದ. ಅವನು ಕೊಡುತ್ತಾನೆ, ಇವಳು ತೆಗೆದುಕೊಳ್ಳುತ್ತಾಳೆ. ಪ್ರತಿ ಎಳೆಗೂ ಅವನ ಬೆರಳ ತುದಿ ಅವಳ ಬೆರಳ ತುದಿಗೆ ತಾಗುತ್ತದೆ. ಮಾತಿಲ್ಲ, ಕತೆಯಿಲ್ಲ. ಅವನ ಬೆರಳಿಗೂ ಬೂದಿ ಹತ್ತಿತ್ತು. ಮಂಚದ ಮೇಲಿಂದ ಅವನ ತಾಯಿ, ತನಗೆ ಕೇಳದ್ದರಿಂದ ಊರಿಗೆಲ್ಲ ಕೇಳುವ ಹಾಗೆ, ಕೂಗಿದಳು:

"ಏನೋ, ಬೆಳಗ್ಗೆಯಿಂದ ಎರಡು ಸಲ ತಲೆ ಬಾಚ್ಕೊಂಡಿದೀಯ, ಯಾರ ಮದುವೆಗೆ ಹೊರಟೆ?"

ಅವನ ಕಿವಿ ಕೆಂಪಾಯಿತು. ಅಕ್ಕ ತಲೆ ಎತ್ತಲಿಲ್ಲ, ಆದರೆ ಅವಳು ನಗು ತಡೆದುಕೊಂಡದ್ದು ನನಗೆ ಕಂಡಿತು. ಅಕ್ಕ ನಕ್ಕದ್ದನ್ನು ನೋಡಿ ಎಷ್ಟು ವರ್ಷವಾಗಿತ್ತು ಎಂದು ಲೆಕ್ಕ ಹಾಕಲು ಹೋದೆ, ನೆನಪಾಗಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಭಯವಾಯಿತು, ಭಯಕ್ಕಿಂತ ಜಾಸ್ತಿ ಸಿಟ್ಟು ಬಂತು.

ಸಂಜೆ ಅಕ್ಕ ಮನೆಗೆ ಬಂದು ಕೈ ತೊಳೆಯುವಾಗ ಹಿಡಿದುಕೊಂಡೆ.

"ಏನಕ್ಕ ಅದು?"

"ಯಾವುದು?"

"ಅವನು ಯಾಕೆ ಎಳೆ ಕೊಡ್ತಾ ಕೂತಿದ್ದ?"

"ಅವರಮ್ಮಂಗೆ ಕಣ್ಣು ಮಂಜು. ಮತ್ತ್ಯಾರು ಕೊಡ್ತಾರೆ?"

"ಗಂಡ ಇರೋಳು ನೀನು. ಯಾರಾದ್ರೂ ನೋಡಿದ್ರೆ ಏನಂತಾರೆ?"

ಅಕ್ಕ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು. "ಗಂಡ ಇದಾನಾ? ಎಲ್ಲಿದಾನೆ, ಸ್ವಲ್ಪ ತೋರ್ಸು. ನಾನೂ ಹತ್ತು ವರ್ಷದಿಂದ ಹುಡುಕ್ತಾ ಇದೀನಿ." ಆಮೇಲೆ ದನಿ ತಗ್ಗಿಸಿ, "ತಿಂಗಳಿಗೆ ಎರಡು ದಿನ ಕಣೇ. ಎಳೆ ಕೊಡ್ತಾರೆ, ತಗೋತೀನಿ. ಅದಕ್ಕಿಂತ ಜಾಸ್ತಿ ಏನೂ ಇಲ್ಲ, ಇರೋದೂ ಇಲ್ಲ. ಅದೊಂದನ್ನ ಬಿಟ್ಬಿಡು ನಂಗೆ," ಎಂದಳು.

ಬಿಟ್ಟೆ. ಅಂದರೆ, ಬಿಟ್ಟ ಹಾಗೆ ಇದ್ದೆ. ಅವನ ಹಾಸು ಮುಗಿಯಲು ಇಪ್ಪತ್ತಾರು ದಿನ ಹಿಡಿಯುತ್ತಿತ್ತು. ಇಪ್ಪತ್ತೈದನೆಯ ದಿನ ಅಕ್ಕ ತಲೆಗೆ ನೀರು ಹಾಕಿಕೊಳ್ಳುವುದು, ಇದ್ದ ಎರಡು ಒಳ್ಳೆಯ ಬಟ್ಟೆಗಳಲ್ಲಿ ಒಂದನ್ನು ಒಗೆದು ಹಿತ್ತಲಲ್ಲಿ ಹರಡುವುದು, ಎಲ್ಲವನ್ನೂ ಕಂಡೂ ಕಾಣದ ಹಾಗೆ ಓಡಾಡಿದೆ. ಅವಳ ಬಾಳಿನಲ್ಲಿ ಇದ್ದದ್ದು ಆ ಎರಡು ದಿನ ಮಾತ್ರ. ಉಳಿದ ಇಪ್ಪತ್ತಾರು ದಿನ ಅವಳು ಬೇರೆಯವರ ಮಗ್ಗಕ್ಕೆ ಎಳೆ ಹೊಸೆಯುತ್ತ ದಿನ ದಾಟಿಸುತ್ತಿದ್ದಳು.

ಸ್ವಲ್ಪ ದಿನ ಹೋದ ಮೇಲೆ ಸೇತುವೆ ಮನೆಯಿಂದ ಇಪ್ಪತ್ತಮೂರನೆಯ ದಿನಕ್ಕೇ ಕರೆ ಬಂತು. ಅದರ ಮುಂದಿನ ಹಾಸು ಇಪ್ಪತ್ತು ದಿನಕ್ಕೆ ಮುಗಿಯಿತು. ಕೊಕ್ಕರೆಗೆ ದುಡಿಮೆಯ ಹುಚ್ಚು ಹಿಡಿದಿದೆ ಎಂದು ಬೀದಿಯವರು ಆಡಿಕೊಂಡರು. ಇಪ್ಪತ್ತಮೂರು ದಿನದ ಥಾನಿನ ಮೇಲೆ ನಾನು ಕನ್ನಡಿ ಇಟ್ಟೆ. ಐವತ್ತೇಳು. ಮತ್ತೊಂದು ಕಡೆ ಇಟ್ಟೆ. ಐವತ್ತಾರು. ಅಕ್ಕನ ಮುಖ ನೆನೆದು ಸುಮ್ಮನೆ ಮಡಿಚಿ ಆಚೆಗಿಟ್ಟೆ. ಮುಂದಿನದರಲ್ಲಿ ಐವತ್ತೆರಡು ಬಂತು, ಹಲ್ಲು ಕಚ್ಚಿಕೊಂಡು ಅದನ್ನೂ ದಾಟಿಸಿದೆ. ಅದರ ಮುಂದಿನದು ಹದಿನೇಳು ದಿನಕ್ಕೆ ಬಂತು. ನಲವತ್ತೇಳು. ಬೆಳಕಿಗೆ ಹಿಡಿದರೆ ಆಚೆಗಿದ್ದ ನನ್ನ ಐದೂ ಬೆರಳು ಕಾಣುತ್ತಿದ್ದವು.

ಅವತ್ತು ನನಗೆ ಅನ್ನಿಸಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಸಿಕ್ಕ, ಅಂದುಕೊಂಡೆ. ಎಳೆ ಕೊಡುತ್ತ ಕೂತು ನನ್ನ ಅಕ್ಕನ ತಲೆ ಕೆಡಿಸಿದವನು ಒಬ್ಬ ನೂಲುಗಳ್ಳ. ಅವಳ ಕಣ್ಣು ತೆರೆಸಲು ಇದಕ್ಕಿಂತ ಒಳ್ಳೆಯ ದಾರಿ ಬೇಕೇ? ಥಾನನ್ನು ಎತ್ತಿಕೊಂಡು ಸೀದಾ ಸಾಹುಕಾರರ ಎದುರಿಗೆ ಹರಡಿದೆ.

"ಯಾರದ್ದಮ್ಮ ಇದು?"

"ಸೇತುವೆ ಮನೆಯದು. ಹಿಂದಿನ ಎರಡೂ ಹೀಗೇ ಇದ್ದವು, ಹೋಗ್ಲಿ ಅಂತ ಬಿಟ್ಟಿದ್ದೆ," ಎಂದೆ. ಅಷ್ಟು ಸಾಕಾಯಿತು.

ಇಬ್ಬರು ಆಳುಗಳು ಹೋಗಿ ಅವನ ಮನೆ ಜಾಲಾಡಿದರು. ಮಗ್ಗದ ಗುಂಡಿಯ ಮೂಲೆಯಲ್ಲಿ ಸೀಮೆಎಣ್ಣೆಯ ಹಳೆ ಡಬ್ಬಿಗಳು ಸಿಕ್ಕವು. ಹೊತ್ತು ತಂದು ನನ್ನ ಮೇಜಿನ ಮೇಲೆ ಸುರಿದರು. ಎಲ್ಲ ಕಂಡಿಕೆಗಳು. ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ, ಹೊಕ್ಕಿನ ನೂಲು ಸುತ್ತಿದ ಪುಟ್ಟ ಕಡ್ಡಿ. ಹಿಂದೆಯೇ ಅವನನ್ನೂ ಕರೆತಂದರು. ತಲೆ ಬಗ್ಗಿಸಿ ನಿಂತರೂ ಎಲ್ಲರಿಗಿಂತ ಎತ್ತರ ಕಾಣುತ್ತಿದ್ದ.

"ಯಾಕಯ್ಯ ಹೀಗ್ ಮಾಡ್ದೆ? ನಿನ್ನನ್ನ ಒಳ್ಳೆಯವನು ಅಂದ್ಕೊಂಡಿದ್ದೆನಲ್ಲ," ಎಂದರು ಸಾಹುಕಾರರು. ನಿಜಕ್ಕೂ ಅವರಿಗೆ ಬೇಸರವಾಗಿತ್ತು.

ಮೂರು ಸಲ ಕೇಳಿದರು. ಮೂರು ಸಲವೂ ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ.

ಅಷ್ಟು ಹೊತ್ತಿಗೆ ನಾನು ಅಭ್ಯಾಸಬಲದಿಂದ ಕಂಡಿಕೆ ಎಣಿಸಿ ಮುಗಿಸಿದ್ದೆ. ಮೂರು ಥಾನುಗಳಲ್ಲಿ ಎಷ್ಟು ನೂಲು ಕಡಿಮೆಯಾಗಿತ್ತೋ ಅಷ್ಟೂ ಅಲ್ಲಿತ್ತು. ಒಂದೇ ಒಂದನ್ನೂ ಅವನು ಮಾರಿರಲಿಲ್ಲ. ನೀಟಾಗಿ ಸುತ್ತಿ, ಸಾಲಾಗಿ ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದ. ಕದ್ದವನು ಮಾರದೆ ಯಾಕೆ ಇಟ್ಟುಕೊಳ್ಳುತ್ತಾನೆ? ಇವನಿಗೆ ನೂಲು ಬೇಕಾಗಿರಲಿಲ್ಲ. ಇವನಿಗೆ ಬೇಕಾಗಿದ್ದದ್ದು ಹಾಸು ಬೇಗ ಮುಗಿಯುವುದು. ಹಾಸು ಮುಗಿದರೆ ಅಕ್ಕ ಬರುತ್ತಾಳೆ. ಹೊಕ್ಕು ಕಡಿಮೆ ಹಾಕಿದರೆ ಬಟ್ಟೆ ಬೇಗ ಮುಂದೆ ಸಾಗುತ್ತದೆ, ರಾತ್ರಿಯೂ ದೀಪ ಹಚ್ಚಿಕೊಂಡು ಕೂತರೆ ಇಪ್ಪತ್ತಾರು ದಿನ ಹದಿನೇಳಾಗುತ್ತದೆ. ಉಳಿದ ನೂಲನ್ನು ವಾಪಸು ಕೊಟ್ಟರೆ ಗುಟ್ಟು ಬಯಲಾಗುತ್ತದೆ, ಮಾರಿಕೊಂಡರೆ ಕಳ್ಳನಾಗುತ್ತಾನೆ. ಎರಡಕ್ಕೂ ಮನಸ್ಸು ಬಾರದೆ ಪೆದ್ದ ಅದನ್ನು ಡಬ್ಬಿಯಲ್ಲಿ ತುಂಬಿಟ್ಟುಕೊಂಡು ಕೂತಿದ್ದ.

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಟ್ಟರೆ ಮಳಿಗೆಯ ಇಪ್ಪತ್ತು ಜನರ ಮುಂದೆ ಅಕ್ಕನ ಹೆಸರು ಬರುತ್ತಿತ್ತು. ಅವನು ಸುಮ್ಮನಿದ್ದದ್ದೂ ಅದಕ್ಕೇ. ಅವನ ಮೌನ ಅಕ್ಕನಿಗಾಗಿ, ನನ್ನದು ಅಕ್ಕನಿಗಾಗಿ ಅರ್ಧ, ನನ್ನ ಮಾನಕ್ಕಾಗಿ ಅರ್ಧ. ಕನ್ನಡಿಯನ್ನು ಅದರ ಡಬ್ಬದೊಳಗಿಟ್ಟು, ಥಾನು ಮಡಿಚತೊಡಗಿದೆ.

ಆ ದಿನದಿಂದ ಅವನಿಗೆ ಹಾಸು ಸಿಗಲಿಲ್ಲ. ನಮ್ಮ ಸಾಹುಕಾರರು ಕೊಡಲಿಲ್ಲ, ಸುದ್ದಿ ಕಿವಿಯಿಂದ ಕಿವಿಗೆ ಹೋಗಿ ಬೇರೆಯವರೂ ಕೊಡಲಿಲ್ಲ. ಹಾಸಿಲ್ಲ ಎಂದ ಮೇಲೆ ಕೆಚ್ಚುವುದೆಲ್ಲಿ ಬಂತು? ಬೇಗ ಬರಲಿ ಎಂದು ಮಾಡಿದ ಕೆಲಸದಿಂದ ಅಕ್ಕ ಆ ಮನೆಗೆ ಬರುವ ದಾರಿಯೇ ಮುಚ್ಚಿಹೋಯಿತು. ಕಾರಣವಿಲ್ಲದೆ ಒಬ್ಬ ಹೆಂಗಸು ಒಬ್ಬ ಗಂಡಸಿನ ಮನೆಗೆ ಹೋಗಿ ಕೂರುವ ಕಾಲವೇ ಅದು? ಅಕ್ಕ ಬೇರೆ ಮಗ್ಗಗಳಿಗೆ ಹೋಗುವಾಗ ಸುತ್ತು ಬಳಸಿ ಸೇತುವೆ ದಾಟುತ್ತಿದ್ದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಕೇಳದಿದ್ದದ್ದು ನನಗೆ ಅನುಕೂಲವಾಯಿತು.

ಎರಡು ತಿಂಗಳು ಅವನು ಖಾಲಿ ಮಗ್ಗದ ಮುಂದೆ ಕೂತ. ಆಮೇಲೆ ದೂರದ ಊರಿನ ಗಿರಣಿಗೆ ಆಳು ಬೇಕಂತೆ, ಹೊರಟನಂತೆ ಎಂದು ನನ್ನ ಗಂಡ ಊಟದ ಹೊತ್ತಿಗೆ ಹೇಳಿದ. ಅಕ್ಕ ಅರ್ಧ ಊಟಕ್ಕೆ ಎದ್ದಳು. "ನನ್ನ ಜೊತೆ ಬಾ," ಎಂದಳು ನನಗೆ. ಜೊತೆಗೆ ನಾನಿದ್ದರೆ ಯಾರೂ ಏನೂ ಅನ್ನುವುದಿಲ್ಲ ಎಂದು.

ಅವನು ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದ. ಮಗ್ಗದಲ್ಲಿ ಕೊನೆಯ ಹಾಸಿನ ತುದಿಗಳು ಅಚ್ಚಿನ ಹಲ್ಲುಗಳಲ್ಲಿ ಹಾಗೇ ಇದ್ದವು. ಜಾರಿ ಹೋಗದಿರಲೆಂದು ನೂರು ನೂರು ಎಳೆಗಳನ್ನು ಗೊಂಚಲು ಮಾಡಿ ಗಂಟು ಹಾಕಿದ್ದ. ಇಪ್ಪತ್ತನಾಲ್ಕು ಗೊಂಚಲು, ನಾನು ಎಣಿಸಿದೆ.

"ಅಮ್ಮನ್ನ ಪಕ್ಕದ ಮನೆಯವರು ನೋಡ್ಕೋತಾರೆ," ಎಂದ ಅವನು, ಅಕ್ಕನ ಕಡೆ ನೋಡದೆ. "ಈ ತುದಿಗಳನ್ನ ಯಾರಾದ್ರೂ ಕಿತ್ತುಹಾಕ್ಬಿಟ್ಟರೆ ಮತ್ತೆ ಮೊದಲಿಂದ ತೂರಿಸ್ಬೇಕು. ಸ್ವಲ್ಪ ನೋಡ್ಕೋತೀರಾ?"

"ನೋಡ್ಕೋತೀನಿ," ಎಂದಳು ಅಕ್ಕ. "ಬಂದ ತಕ್ಷಣ ಹೇಳಿಕಳಿಸಿ. ಎರಡು ದಿನದ ಕೆಲಸ."

"ಹೇಳಿಕಳಿಸ್ತೀನಿ."

ಅಷ್ಟೇ. ಒಬ್ಬರ ಹೆಸರನ್ನು ಒಬ್ಬರು ಕರೆಯಲೂ ಇಲ್ಲ. ನಾನು ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದೆ. ಅವನು ನನಗೂ ನಮಸ್ಕಾರ ಮಾಡಿ ಹೋದ. ಆ ನಮಸ್ಕಾರ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅವನು ಬರಲಿಲ್ಲ. ತಾಯಿ ಮರುವರ್ಷವೇ ತೀರಿಕೊಂಡಳು. ಸುದ್ದಿ ಕಳಿಸಲು ಯಾರ ಹತ್ತಿರವೂ ವಿಳಾಸವಿರಲಿಲ್ಲ. ಮನೆಯ ಒಡೆಯ ಮಗ್ಗದ ಮರವನ್ನು ಸೌದೆಗೆ ಕೊಟ್ಟ. ಅದಕ್ಕೆ ಮೊದಲೇ ಅಕ್ಕ ಹೋಗಿ, ಅಚ್ಚನ್ನು ತುದಿಗಳ ಸಮೇತ ಬಿಚ್ಚಿ, ಹಳೆ ಹೊದಿಕೆಯಲ್ಲಿ ಸುರುಳಿ ಸುತ್ತಿ, ಹೆಗಲ ಮೇಲೆ ಹೊತ್ತು ತಂದಳು. ಹಿಂದಿನ ಕೋಣೆಯ ತೊಲೆಗೆ ಅದನ್ನು ನೇತುಹಾಕಿದಳು. ವರ್ಷಕ್ಕೊಮ್ಮೆ ಇಳಿಸಿ, ಬಿಸಿಲಿಗೆ ಹಿಡಿದು, ಹುಳ ಬೀಳದಿರಲೆಂದು ಬೂದಿ ಸವರಿ ಮತ್ತೆ ಕಟ್ಟುತ್ತಿದ್ದಳು. ಗಿರಣಿಗೆ ಹೋಗಿ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಮದುವೆಯಾಗಿದ್ದಾನೆ ಎಂದ ಒಬ್ಬ. ಎದೆಯೊಳಗೆ ಹತ್ತಿಯ ಧೂಳು ತುಂಬಿ ಕೆಮ್ಮಿ ಕೆಮ್ಮಿ ಸತ್ತ ಎಂದ ಇನ್ನೊಬ್ಬ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು, ಯಾವುದನ್ನೂ ನಂಬಲಿಲ್ಲ.

ಗಿರಣಿ ಬಟ್ಟೆ ನಮ್ಮ ಬೀದಿಗೂ ಬಂತು. ಮಗ್ಗಗಳು ಒಂದೊಂದಾಗಿ ನಿಂತವು. ಮಗ್ಗ ಉಳಿದ ಕಡೆ ಕೆಚ್ಚುವುದಕ್ಕೂ ಯಂತ್ರ ಬಂತು, ಅಕ್ಕನ ಎರಡು ದಿನವನ್ನು ಅದು ಅರ್ಧ ಗಂಟೆಯಲ್ಲಿ ಮುಗಿಸಿತು. ಸಾಹುಕಾರರ ಮಳಿಗೆ ಮುಚ್ಚಿತು. ನನ್ನ ಗಂಡ ಹೋದ. ಕೊನೆಗೆ ಮನೆಯಲ್ಲಿ ಉಳಿದವರು ನಾವಿಬ್ಬರೇ ಮುದುಕಿಯರು. ಅಕ್ಕನ ಕಣ್ಣು ಪೂರ್ತಿ ಹೋಗಿತ್ತು. ಬೆರಳ ತುದಿಗಳು ಐವತ್ತು ವರ್ಷ ಬೂದಿಯಲ್ಲಿ ಉಜ್ಜಿ ಉಜ್ಜಿ ಸವೆದು, ಬಿಸಿ ಲೋಟ ಹಿಡಿದರೂ ತಿಳಿಯುತ್ತಿರಲಿಲ್ಲ. ಸುಮ್ಮನೆ ಕೂತಾಗ ಮಾತ್ರ ಹೆಬ್ಬೆರಳು ತೋರುಬೆರಳು ತಾವಾಗಿಯೇ ಹೊಸೆಯುತ್ತಿದ್ದವು.

ಹೋದ ವರ್ಷ ಒಂದು ಮಧ್ಯಾಹ್ನ ಆ ಬೆರಳುಗಳನ್ನು ನೋಡುತ್ತ ಕೂತಿದ್ದೆ. ಇನ್ನು ತಡೆಯಲಾಗಲಿಲ್ಲ.

"ಅಕ್ಕ, ಆ ಥಾನು ಹಿಡಿದುಕೊಟ್ಟೋಳು ನಾನೇ."

"ಗೊತ್ತು," ಎಂದಳು. "ಆ ಕನ್ನಡಿ ಇನ್ಯಾರ ಹತ್ರ ಇತ್ತು?"

"ನಲವತ್ತು ವರ್ಷ ಗೊತ್ತಿದ್ದೂ ನನ್ನ ಕೈಯಿಂದ ಊಟ ಮಾಡಿದ್ಯಾ?"

"ನಿಂದೇನು ತಪ್ಪು? ನಲವತ್ತೇಳನ್ನ ನಲವತ್ತೇಳು ಅಂದೆ." ಅವಳ ಬೆರಳು ನಿಂತವು. "ತಪ್ಪು ನಂದು ಕಣೇ. ನಾನೇ ಅಂದಿದ್ದು. ಒಂದ್ಸಲ, ಕೊನೇ ಗೊಂಚಲು ಮುಗೀತಾ ಬಂದಿತ್ತು, ಎದ್ದು ಹೊರಡ್ಬೇಕು, ಮನಸ್ಸು ತಡೀಲಿಲ್ಲ. ಇಪ್ಪತ್ತಾರು ದಿನ ತುಂಬಾ ಜಾಸ್ತಿ ಆಗತ್ತೆ ಅಂದ್ಬಿಟ್ಟೆ. ಇಡೀ ಜೀವಮಾನದಲ್ಲಿ ಅವರಿಗೆ ನಾನು ಮನಸ್ಸು ಬಿಚ್ಚಿ ಹೇಳಿದ ಮಾತು ಅದೊಂದೇ. ಅದನ್ನ ಅವರು ನಡೆಸ್ಕೊಟ್ಟರು."

ಬೆರಳು ಮತ್ತೆ ಹೊಸೆಯತೊಡಗಿದವು. "ಬಟ್ಟೆ ಜಾಳಾಗ್ತಿರೋದು ನಂಗೂ ಗೊತ್ತಾಗಿತ್ತು. ಕತ್ತರಿಸಿಟ್ಟ ಥಾನಿನ ಮೇಲೆ ಕೈಯಾಡಿಸಿದ್ರೆ ಸಾಕಿತ್ತು. ಬಿಗಿಯಾಗಿ ನೇಯಿರಿ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ. ಹದಿನೇಳು ದಿನಕ್ಕೇ ಹೋಗ್ಬಹುದಲ್ಲ ಅಂತ ಆಸೆ."

ನಾನು ಅತ್ತೆ. ಅವಳು ಅಳಲಿಲ್ಲ. ತೊಲೆಯ ಮೇಲಿನ ಸುರುಳಿ ಇಳಿಸು ಎಂದಳು. ಕಣ್ಣು ಹೋದ ಮೇಲೆ ನಾಲ್ಕೈದು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಕುರ್ಚಿ ಹತ್ತಿ ಇಳಿಸಿ, ಅವಳ ಮುಂದೆ ನೆಲದ ಮೇಲೆ ಬಿಚ್ಚಿದೆ. ಗೊಂಚಲುಗಳ ಮೇಲೆ ಬೂದಿಗಿಂತ ಹೆಚ್ಚಾಗಿ ಹುಳದ ಹೊಟ್ಟು ಇತ್ತು. ನಾನು ಮುಟ್ಟಿದ ಮೊದಲ ಗೊಂಚಲು ಗಂಟಿನ ಸಮೇತ ಕೈಗೆ ಬಂತು, ಎರಡನೆಯದು ಪುಡಿಯಾಯಿತು. ಅಚ್ಚಿನ ಹಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಎಳೆ ಉಳಿದಿತ್ತು. ಅಕ್ಕ ಕೈಚಾಚಿ ಅಚ್ಚಿನ ಉದ್ದಕ್ಕೂ ಸವರಿದಳು. ಸವೆದ ಬೆರಳುಗಳಿಗೆ ಏನೂ ತಿಳಿಯಲಿಲ್ಲ.

"ಎಲ್ಲಾ ಇದೆಯಾ? ಎಣಿಸಿ ಹೇಳು," ಎಂದಳು.

ನಾನು ಎಣಿಸಲು ಹಿಡಿಯುವಷ್ಟು ಹೊತ್ತು ಸುಮ್ಮನೆ ಕೂತೆ.

"ಇದೆ ಅಕ್ಕ. ಎರಡು ಸಾವಿರದ ನಾನೂರೂ ಇದೆ."

ಅಷ್ಟು ವರ್ಷ ಎಳೆ ಎಣಿಸಿದವಳು ನಾನು. ಲೆಕ್ಕ ತಪ್ಪಿ ಹೇಳಿದ್ದು ಅವತ್ತೊಂದೇ ದಿನ. ನಲವತ್ತೇಳನ್ನು ಅರವತ್ತು ಎಂದು ಆಗಲೇ ಹೇಳಿದ್ದರೆ ಈ ಸುಳ್ಳು ಬೇಕಾಗುತ್ತಿರಲಿಲ್ಲ.

"ಹಾಗಾದ್ರೆ ಮತ್ತೆ ಕಟ್ಟಿಡು," ಎಂದಳು ಅಕ್ಕ. "ಬಂದ್ರೆ ಎರಡು ದಿನದ ಕೆಲಸ."

ಪುಡಿಯನ್ನೆಲ್ಲ ಹೊದಿಕೆಯೊಳಗೇ ಗುಡಿಸಿ ಹಾಕಿ, ಸುರುಳಿ ಸುತ್ತಿ ಕಟ್ಟಿಟ್ಟೆ.